ಸಿಂಕ್ ಕೆಳಗಿನ ಹಲಗೆ: ಹುಬ್ಬಳ್ಳಿಯ ಅಡುಗೆ ಮನೆಯೊಂದರ ಪ್ಲೈವುಡ್ ಪ್ರಕರಣ

ಹುಬ್ಬಳ್ಳಿಯ ಕುಸುಗಲ್ ರಸ್ತೆಯ ಕಡೆಗಿನ ಬಡಾವಣೆಯೊಂದರ ಹೊಸ ಮನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಡುಗೆ ಮನೆಯ ಸಿಂಕ್ ಕೆಳಗಿನ ಕಪಾಟು ಉಬ್ಬಿತು. ಬಾಗಿಲು ಜೋತುಬಿತ್ತು, ಮೈಕಾ ಅಂಚಿನಿಂದ ಎದ್ದಿತು, ತಳದ ಹಲಗೆ ಪದರ ಪದರವಾಗಿ ಬಿಚ್ಚಿಕೊಂಡಿತು. ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ, ಒಲೆಯ ಕೆಳಗಿನ ಕಪಾಟಿಗೆ ಏನೂ ಆಗಿರಲಿಲ್ಲ. ಅಟ್ಟದ ಬಾಗಿಲುಗಳೂ ಮೊದಲ ದಿನದಂತೆಯೇ ಇದ್ದವು. ಒಂದೇ ಅಂಗಡಿಯಿಂದ, ಒಂದೇ ಬಿಲ್‌ನಲ್ಲಿ ಬಂದ ಹಾಳೆಗಳು. ಕೊಯ್ದು ಜೋಡಿಸಿದ ಬಡಿಗನೂ ಒಬ್ಬನೇ.

ಮನೆಯೊಡತಿ ನಿವೃತ್ತ ಶಿಕ್ಷಕಿ. ಅಂಗಡಿಯವರು, ಬಡಿಗ, ಅವರು ಹೀಗೆ ಮೂವರೂ ಒಪ್ಪಿ, ಕಟ್ಟಡ ಕೆಲಸದ ಎಂಜಿನಿಯರ್ ಆದ ನನ್ನನ್ನು ನೋಡಲು ಕರೆದರು. ಯಾರ ಕಡೆಯವನೂ ಆಗಿರಬಾರದು, ಕಂಡದ್ದನ್ನು ಬರೆದು ಕೊಡಬೇಕು ಎಂಬುದಷ್ಟೇ ಕರಾರು. ಹೆಸರುಗಳನ್ನು ಬಿಟ್ಟು ಆ ವರದಿಯ ಸಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಜಗಳ ನಮ್ಮ ಊರಿನಲ್ಲಿ ಮನೆಮನೆಗೂ ಇದೆ, ಅದರಲ್ಲಿ ಹೆಚ್ಚಿನವು ಹಾಳೆ ಕೊಳ್ಳುವ ದಿನವೇ ತಪ್ಪಿಸಬಹುದಾದಂಥವು.

ಮೂವರ ಮಾತು

ಶಿಕ್ಷಕಿಯ ವಾದ ನೇರವಾಗಿತ್ತು. "ವಾಟರ್‌ಪ್ರೂಫ್ ಎಂದು ಕೇಳಿ, ವಾಟರ್‌ಪ್ರೂಫ್ ಎಂದು ಬರೆಸಿ, ಅದಕ್ಕೇ ಹಣ ಕೊಟ್ಟಿದ್ದೇನೆ. ನೀರು ತಾಗಿ ಹಾಳಾಯಿತು ಎಂದು ಈಗ ನನಗೇ ಹೇಳಿದರೆ ಹೇಗೆ?" ಅವರ ಕೈಯಲ್ಲಿದ್ದ ಬಿಲ್‌ನಲ್ಲಿ ನಿಜವಾಗಿಯೂ ಹಾಗೆಯೇ ಇತ್ತು: 18 ಎಂಎಂ ವಾಟರ್‌ಪ್ರೂಫ್ ಪ್ಲೈ, ಇಷ್ಟು ಹಾಳೆ, ಇಷ್ಟು ದರ. ಬೇರೇನೂ ಇರಲಿಲ್ಲ.

ಅಂಗಡಿಯವರು, "ಅಕ್ಕನವರೇ, ಹಗಲೂ ರಾತ್ರಿ ನೀರಿನಲ್ಲಿ ನಿಲ್ಲಿಸಿದರೆ ಯಾವ ಕಟ್ಟಿಗೆಯೂ ಉಳಿಯುವುದಿಲ್ಲ" ಎಂದರು. ಜೊತೆಗೆ ಒರಲೆ ಹಿಡಿದಿರಬಹುದು ಎಂಬ ಅನುಮಾನವನ್ನೂ ಮುಂದಿಟ್ಟರು. ಬಡಿಗನದು ಎರಡೇ ಮಾತು: "ಅಂಗಡಿಯಿಂದ ಬಂದದ್ದನ್ನು ಕೊಯ್ದೆ. ನಳ ಜೋಡಿಸಿದವನು ನಾನಲ್ಲ."

ಮೂವರ ಮಾತಿನಲ್ಲೂ ಸತ್ಯದ ಒಂದೊಂದು ತುಣುಕಿತ್ತು. ಒರಲೆಯ ಮಾತು ಮಾತ್ರ ಬೇಗ ಮುಗಿಯಿತು. ಗೋಡೆಯ ಮೇಲೆ ಮಣ್ಣಿನ ಗೆರೆ ಇರಲಿಲ್ಲ, ಹಲಗೆಯೊಳಗೆ ಮಣ್ಣು ತುಂಬಿದ ಪೊಳ್ಳು ಇರಲಿಲ್ಲ. ಸಣ್ಣ ರಂಧ್ರಗಳಿಂದ ಹಿಟ್ಟಿನಂಥ ಪುಡಿ ಉದುರಿದ್ದರೆ ಕೊರೆಯುವ ಹುಳು ಎನ್ನಬಹುದಿತ್ತು, ಅದೂ ಇರಲಿಲ್ಲ. ಇದ್ದದ್ದು ಕಪ್ಪು ಕಲೆ, ಬೂಷ್ಟು, ಹಸಿ ವಾಸನೆ. ಕಾರಣ ನೀರೇ. ಆದರೆ ನೀರು ಯಾವ ದಾರಿಯಿಂದ ಬಂತು, ಹಲಗೆ ಅದನ್ನು ಏಕೆ ತಾಳಲಿಲ್ಲ ಎಂಬವು ಎರಡು ಬೇರೆ ಪ್ರಶ್ನೆಗಳು.

ಹಲಗೆಯ ಒಳಗೆ

ಪ್ಲೈವುಡ್ ಎಂದರೆ ದಿಮ್ಮಿಯನ್ನು ಯಂತ್ರದಲ್ಲಿ ತಿರುಗಿಸುತ್ತಾ ಸಿಪ್ಪೆಯ ಹಾಗೆ ಸುಲಿದ ತೆಳು ಪದರಗಳನ್ನು ಅಂಟು ಹಚ್ಚಿ, ಬಿಸಿ ಒತ್ತುಯಂತ್ರದಲ್ಲಿ ಒತ್ತಿ ಮಾಡಿದ ಹಾಳೆ. ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಮರ ನೀರು ಕುಡಿದಾಗ ನಾರಿನ ಉದ್ದಕ್ಕೆ ಬಹುತೇಕ ಹಿಗ್ಗುವುದೇ ಇಲ್ಲ, ನಾರಿನ ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಅಡ್ಡ ಪದರವನ್ನು ಅದರ ಮೇಲೂ ಕೆಳಗೂ ಇರುವ ಉದ್ದ ಪದರಗಳು ಹಿಡಿದು ನಿಲ್ಲಿಸುತ್ತವೆ. ಹಾಗಾಗಿ ಒಂದು ತೇಗದ ಹಲಗೆ ಮಳೆಗಾಲದಲ್ಲಿ ಅಗಲವಾಗಿ ಬಾಗಿಲು ಕಚ್ಚಿಕೊಂಡರೂ ಪ್ಲೈ ಹಾಳೆ ತನ್ನ ಉದ್ದ ಅಗಲಗಳನ್ನು ಕಾಯ್ದುಕೊಳ್ಳುತ್ತದೆ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸವಾಗಿರುವುದೂ ಇದಕ್ಕೇ: ನಡುವಿನ ಪದರದ ಎರಡೂ ಬದಿ ಸಮವಾಗಿದ್ದರೆ ಹಾಳೆ ಬಾಗುವುದಿಲ್ಲ.

ಆದರೆ ಈ ಹಿಡಿತ ದಪ್ಪದ ದಿಕ್ಕಿನಲ್ಲಿ ಇಲ್ಲ. ಮೇಲೆ ಕೆಳಗೆ ಹಿಗ್ಗುವುದನ್ನು ತಡೆಯುವ ನಾರು ಯಾವುದೂ ಹಾಳೆಯೊಳಗಿಲ್ಲ, ಅಲ್ಲಿರುವುದು ಅಂಟು ಮಾತ್ರ. ಅಂಟು ಗಟ್ಟಿಯಿದ್ದರೆ ಹಾಳೆ ದಪ್ಪವಾಗಿ, ಒಣಗಿದ ಮೇಲೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಅಂಟು ಸೋತರೆ ಪದರಗಳು ಬೇರೆಯಾಗುತ್ತವೆ, ಮತ್ತೆ ಕೂಡುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ಅಂಚು. ಹಾಳೆಯ ಮುಖದ ಮೂಲಕ ನೀರು ನಿಧಾನವಾಗಿ ಇಳಿಯುತ್ತದೆ, ಮೈಕಾ ಅಂಟಿಸಿದ್ದರೆ ಇನ್ನೂ ನಿಧಾನ. ಕೊಯ್ದ ಅಂಚಿನಲ್ಲಿ ಒಂದು ಬಿಟ್ಟು ಒಂದು ಪದರದ ನಾರಿನ ತುದಿ ತೆರೆದಿರುತ್ತದೆ. ಕೊಯ್ದ ಜೋಳದ ದಂಟನ್ನು ನೀರಿಗೆ ಇಟ್ಟಾಗ ನೀರು ತುದಿಯಿಂದ ಮೇಲೇರುವಂತೆ ಇಲ್ಲಿಯೂ ಏರುತ್ತದೆ. ಹಾಳೆಯನ್ನು ಯಾವ ದಿಕ್ಕಿನಲ್ಲಿ ಕೊಯ್ದರೂ ಇಂಥ ಪದರಗಳು ಸಿಕ್ಕೇ ಸಿಗುತ್ತವೆ, ಏಕೆಂದರೆ ನಾರುಗಳು ಎರಡೂ ದಿಕ್ಕಿಗಿವೆ.

ಸಿಂಕ್ ಕೆಳಗಿನ ತಳದ ಹಲಗೆಯನ್ನು ತೆಗೆದು ನೋಡಿದಾಗ ಇದೆಲ್ಲವೂ ಕಣ್ಣಿಗೆ ಕಂಡಿತು. ಹೊರಗೆ ಕಾಣುವ ಮುಂದಿನ ಅಂಚಿಗೆ ಬಣ್ಣ ಹೊಂದುವ ಪಟ್ಟಿ ಅಂಟಿಸಲಾಗಿತ್ತು. ಗೋಡೆಯ ಕಡೆಯ ಅಂಚು, ಎರಡು ಪಕ್ಕದ ಅಂಚುಗಳು, ಕೊಳವೆ ಹೋಗಲು ಕೊರೆದ ತೂತು, ಬಾಗಿಲಿನ ಹಿಂಜ್ ಕೂರಿಸಲು ಕೊರೆದ 35 ಎಂಎಂ ಕುಳಿ ಎಲ್ಲವೂ ಬರಿ ಕಟ್ಟಿಗೆ. ಹಲಗೆಗೆ ಕಾಲುಗಳಿರಲಿಲ್ಲ, ನೇರವಾಗಿ ಫರಸಿಯ ಮೇಲೆ ಕೂತಿತ್ತು. ಉಬ್ಬು ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ಗೋಡೆಯ ಕಡೆ. ಅಲ್ಲಿಂದ ಮುಂದಕ್ಕೆ ಬಂದಂತೆ ಕಡಿಮೆಯಾಗಿ, ಪಟ್ಟಿ ಹಚ್ಚಿದ ಮುಂದಿನ ಅಂಚಿನ ಹತ್ತಿರ ಹಲಗೆ ಸುಮಾರಾಗಿ ಗಟ್ಟಿಯಾಗಿಯೇ ಇತ್ತು. ನೀರು ಬಂದ ದಿಕ್ಕನ್ನು ಹಲಗೆಯೇ ತೋರಿಸಿತ್ತು.

ಕುದಿಸಿ ನೋಡಿದ್ದು

ಭಾರತೀಯ ಮಾನಕದಲ್ಲಿ ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಐಎಸ್ 303 ಎಂಬ ಸಂಖ್ಯೆಯಿದೆ. ಅದರಡಿ ಎರಡು ದರ್ಜೆಗಳು ಬಹುಕಾಲದಿಂದ ಅಂಗಡಿಗಳಲ್ಲಿ ಬಳಕೆಯಲ್ಲಿವೆ. ಎಂಆರ್ ಎಂದರೆ ತೇವ ತಡೆಯುವಂಥದ್ದು, ಇದಕ್ಕೆ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಬಿಡಬ್ಲ್ಯುಆರ್ ಎಂದರೆ ಕುದಿನೀರು ತಾಳುವಂಥದ್ದು, ಇದಕ್ಕೆ ಹೆಚ್ಚಾಗಿ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು. ಇದಕ್ಕೂ ಮೇಲಿನದು ಬಿಡಬ್ಲ್ಯುಪಿ, ಅಂದರೆ ಕುದಿನೀರಿಗೂ ಜಗ್ಗದಂಥದ್ದು. ಮರೀನ್ ಪ್ಲೈ ಎಂದು ಕರೆಯುವ ಅದರ ಮಾನಕ ಐಎಸ್ 710. ಪರೀಕ್ಷೆಗಳ ನಡುವಿನ ಅಂತರ ನೋಡಿದರೆ ದರ್ಜೆಗಳ ಅಂತರ ತಿಳಿಯುತ್ತದೆ. ಎಂಆರ್ ತುಂಡನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 3 ಗಂಟೆ ಇಡುತ್ತಾರೆ. ಬಿಡಬ್ಲ್ಯುಆರ್ ತುಂಡನ್ನು 8 ಗಂಟೆ ಕುದಿಸುತ್ತಾರೆ. ಬಿಡಬ್ಲ್ಯುಪಿ ತುಂಡು 72 ಗಂಟೆ ಕುದಿಯಬೇಕು. ಆ ಮೇಲೆ ಪದರಗಳ ನಡುವೆ ಚಾಕು ಹಾಕಿ ಎಬ್ಬಿಸಿದಾಗ ಅಂಟು ಸುಲಭವಾಗಿ ಬಿಡಬಾರದು, ಕಟ್ಟಿಗೆಯ ನಾರೇ ಕಿತ್ತು ಬರಬೇಕು.

ಹಾಳಾದ ಹಲಗೆಯನ್ನು ಪರೀಕ್ಷಿಸಿದರೆ ಅದು ಹಾಳಾಗಿದೆ ಎಂದಷ್ಟೇ ತಿಳಿಯುತ್ತದೆ. ಆದ್ದರಿಂದ ಒಲೆಯ ಕೆಳಗಿನ ಕಪಾಟಿನಿಂದ, ಎಂದೂ ನೀರು ಕಾಣದ ಒಂದು ತುಂಡನ್ನು ಕೊಯ್ದುಕೊಂಡೆ. ಹೋಲಿಕೆಗೆ ಬೇರೆ ಕೆಲಸದಲ್ಲಿ ಉಳಿದಿದ್ದ, ಐಎಸ್ 710 ಗುರುತಿನ ಒಂದು ತುಂಡನ್ನು ತಂದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಅಂಗಳದಲ್ಲಿ ಕುದಿಸಿದೆವು. ಮೂವರೂ ಎದುರಿಗೇ ಇದ್ದರು.

ಮೊದಲ ಗಂಟೆ ಮುಗಿಯುವ ಮುಂಚೆಯೇ ಒಲೆಯ ಕಡೆಯ ತುಂಡಿನ ಅಂಚು ಬಾಯಿ ಬಿಟ್ಟಿತು. ಮೂರನೆಯ ಗಂಟೆಗೆ ಪದರಗಳನ್ನು ಬೆರಳಿನಿಂದಲೇ ಎತ್ತಬಹುದಿತ್ತು. ಐಎಸ್ 710 ತುಂಡು 8 ಗಂಟೆಯ ನಂತರವೂ ಒಂದೇ ತುಂಡಾಗಿತ್ತು. ಕೊಂಚ ದಪ್ಪವಾಗಿತ್ತು ನಿಜ, ಆದರೆ ಚಾಕುವಿಗೆ ಸೋಲಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಅಂಗಡಿಯವರು ಕಳಪೆ ಮಾಲು ಕೊಟ್ಟರು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಒಲೆಯ ಕಡೆಯ ಹಲಗೆಯ ಇನ್ನೊಂದು ತುಂಡನ್ನು ಥರ್ಮಾಮೀಟರ್ ಇಟ್ಟು, ಬಿಸಿನೀರು ಬೆರೆಸುತ್ತಾ, 60 ಡಿಗ್ರಿಯ ಆಸುಪಾಸಿನಲ್ಲಿ 3 ಗಂಟೆ ಇಟ್ಟೆವು. ಅದು ಬಿಡಲಿಲ್ಲ. ಅಂದರೆ ಹಾಳೆ ಕಳಪೆಯಾಗಿರಲಿಲ್ಲ. ಅದು ಒಳ್ಳೆಯ ಎಂಆರ್ ಹಾಳೆ. ಕೂರಿಸಿದ ಜಾಗ ಮಾತ್ರ ಅದರದ್ದಲ್ಲ.

ಮನೆಯಲ್ಲಿ ಮಾಡುವ ಈ ಪರೀಕ್ಷೆ ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ, ವರದಿಯಲ್ಲೂ ಹಾಗೆಯೇ ಬರೆದಿದ್ದೇನೆ. ಮಾಡುವವರು ಎರಡು ವಿಷಯ ನೆನಪಿಡಬೇಕು. ಅಡುಗೆಯ ಪಾತ್ರೆ ಬಳಸಕೂಡದು. ಬಾಗಿಲು ಮುಚ್ಚಿದ ಅಡುಗೆ ಮನೆಯಲ್ಲಿ ಕುದಿಸಕೂಡದು, ಅಂಟಿನಿಂದ ಬರುವ ಹಬೆ ಕಣ್ಣು ಮೂಗುಗಳನ್ನು ಉರಿಸುತ್ತದೆ.

ಆಮೇಲೆ ಸಿಕ್ಕಿದ್ದು ಈ ಪ್ರಕರಣದ ಅತಿ ಮುಖ್ಯ ಸಾಕ್ಷಿ. ಕೆಲಸ ಮುಗಿದಾಗ ಉಳಿದ ಒಂದು ತುಂಡನ್ನು ಶಿಕ್ಷಕಿ ಅಟ್ಟದಲ್ಲಿ ತಾಮ್ರದ ಹಂಡೆಗಳ ಕೆಳಗೆ ಹಾಸಿದ್ದರು. ಅದನ್ನು ಇಳಿಸಿ ತಿರುವಿದಾಗ ಹಿಂಬದಿಯಲ್ಲಿ ಛಾಪೆ ಇತ್ತು: ಐಎಸ್‌ಐ ಗುರುತು, ಮೇಲೆ ಐಎಸ್ 303, ಪಕ್ಕದಲ್ಲಿ ಎಂಆರ್, ಕೆಳಗೆ ಪರವಾನಗಿ ಸಂಖ್ಯೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಚಾಲ್ತಿಯಲ್ಲಿರುವುದು ಕಂಡಿತು. ಕಾರ್ಖಾನೆ ಯಾವ ಸುಳ್ಳನ್ನೂ ಹೇಳಿರಲಿಲ್ಲ. ಹಾಳೆಯ ಮೇಲೆ ದರ್ಜೆ ಸ್ಪಷ್ಟವಾಗಿ ಅಚ್ಚಾಗಿತ್ತು. ಕಾರ್ಖಾನೆಯಿಂದ ಅಡುಗೆ ಮನೆಗೆ ಬರುವ ದಾರಿಯಲ್ಲಿ ಅಂಗಡಿ, ಬಡಿಗ, ಮನೆಯೊಡತಿ ಯಾರೂ ಅದನ್ನು ಓದಲಿಲ್ಲ, ಅಥವಾ ಓದಿದವರು ಹೇಳಲಿಲ್ಲ.

ಅಂಗಡಿಯವರನ್ನು ಕೇಳಿದಾಗ, "ಎಂಆರ್ ಕೂಡ ತೇವ ತಡೆಯುತ್ತದೆ, ಗಿರಾಕಿಗಳು ವಾಟರ್‌ಪ್ರೂಫ್ ಎನ್ನುತ್ತಾರೆ, ನಾವೂ ಹಾಗೆಯೇ ಬರೆಯುತ್ತೇವೆ" ಎಂದರು. ಈ ಮಾತನ್ನು ನಾನು ಒಪ್ಪಲಾರೆ. ಮನೆಯೊಡತಿಗೆ ದರ್ಜೆಗಳ ವಿಷಯ ಗೊತ್ತಿರಬೇಕಾಗಿಲ್ಲ, ದಿನವೂ ಮಾರುವವರಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಬಿಲ್‌ನಲ್ಲಿ ದರ್ಜೆ ಬರೆಯದೇ ಬಿಡುವುದು ಗಿರಾಕಿಯ ಕೈಯಿಂದ ಇರುವ ಒಂದೇ ಆಧಾರವನ್ನು ಕಿತ್ತುಕೊಂಡಂತೆ.

ಬೆರಳಿನಿಂದ ಬಡಿದು ಸದ್ದು ಕೇಳಿಸುವುದು, ಎತ್ತಿ ಭಾರ ತೋರಿಸುವುದು, ಮುಖದ ಕೆಂಪು ಬಣ್ಣ ತೋರಿಸಿ ಇದು ಗರ್ಜನ್ ಎಂಬ ಒಳ್ಳೆಯ ಜಾತಿಯ ಮರ ಎನ್ನುವುದು ನಮ್ಮ ಅಂಗಡಿಗಳ ರೂಢಿ. ಸದ್ದಿನಿಂದ ಒಳಗಿನ ಪೊಳ್ಳು ಗೊತ್ತಾಗಬಹುದು, ಭಾರದಿಂದ ಕಟ್ಟಿಗೆಯ ಸಾಂದ್ರತೆ. ಅಂಟು ಯಾವುದು ಎಂಬುದನ್ನು ಇವೆರಡೂ ಹೇಳುವುದಿಲ್ಲ. ಕೆಂಪು ಬಣ್ಣವನ್ನು ಮುಖದ ಪದರಕ್ಕೆ ಬಳಿಯಲೂ ಬರುತ್ತದೆ.

ಶಿಕ್ಷಕಿಯ ಮನೆಯ ಹಿರಿಯರು ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆಯಿದ್ದ ಕಾಲವನ್ನು ನೆನೆದು, ಆಗಿನ ಕಾಡು ಮರದ ಹಾಳೆಗಳು ಹೀಗೆ ಆಗುತ್ತಿರಲಿಲ್ಲ ಎಂದರು. ಕಾಡಿನ ಮರ ಸಿಗುವುದು ಕಡಿಮೆಯಾಗಿದೆ ಎನ್ನುವುದು ನಿಜ. 1996ರಲ್ಲಿ ಸುಪ್ರೀಂ ಕೋರ್ಟ್ ಅರಣ್ಯ ಪ್ರಕರಣದಲ್ಲಿ ಕೊಟ್ಟ ಆದೇಶದ ನಂತರ ಈಶಾನ್ಯ ರಾಜ್ಯಗಳ ಕಾರ್ಖಾನೆಗಳು ನಿಂತವು, ಉದ್ಯಮ ಹೊಲದಲ್ಲಿ ಬೆಳೆದ ಮರಗಳತ್ತ ತಿರುಗಿತು. ಹರಿಯಾಣದ ಯಮುನಾನಗರದಲ್ಲಿ ಪಾಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ. ಆದರೆ ಈ ಅಡುಗೆ ಮನೆಯಲ್ಲಿ ಸೋತದ್ದು ಮರವಲ್ಲ. ಬೇರೆಯಾದ ಪದರಗಳನ್ನು ಒಣಗಿಸಿ ಬಗ್ಗಿಸಿದಾಗ ಹೆಚ್ಚಿನವು ಗಟ್ಟಿಯಾಗಿಯೇ ಇದ್ದವು. ಸೋತದ್ದು ನಡುವಿನ ಅಂಟು.

ನೀರು ಬಂದ ದಾರಿ

ಸಿಂಕ್‌ನ ತಳದಲ್ಲಿ ಕೊಳವೆ ಸೇರುವ ಜಾಗದ ವಾಷರ್ ಸವೆದು ಹನಿ ಹನಿಯಾಗಿ ಸೋರುತ್ತಿತ್ತು. ಕಪಾಟಿನ ಹಿಂಬದಿಗೂ ಹಲಗೆ ಹೊಡೆದು ಮುಚ್ಚಿದ್ದರಿಂದ ಆ ಸೋರಿಕೆ ಯಾರ ಕಣ್ಣಿಗೂ ಬೀಳಲಿಲ್ಲ. ಇದು ಎಲ್ಲ ಊರಿನಲ್ಲೂ ಆಗುವ ಸಂಗತಿ. ಉಳಿದ ಎರಡು ಕಾರಣಗಳು ನಮ್ಮ ಊರಿಗೇ ಸೇರಿದವು.

ಹುಬ್ಬಳ್ಳಿಯ ಬಹಳಷ್ಟು ಬಡಾವಣೆಗಳಿಗೆ ನಳದ ನೀರು ದಿನವೂ ಬರುವುದಿಲ್ಲ. ಬಂದ ದಿನ ಕುಡಿಯುವ ನೀರನ್ನು ಕೊಡ, ಪಿಪಾಯಿಗಳಿಗೆಲ್ಲ ತುಂಬಿಟ್ಟುಕೊಳ್ಳಬೇಕು. ಈ ಮನೆಯಲ್ಲಿ ಸಿಂಕ್ ನಳಕ್ಕೆ ರಬ್ಬರ್ ಪೈಪ್ ಸಿಕ್ಕಿಸಿ, ಕಪಾಟಿನ ಮುಂದೆಯೇ ಪಾತ್ರೆಗಳನ್ನು ಸಾಲಾಗಿ ಇಟ್ಟು ತುಂಬುತ್ತಿದ್ದರು. ಪಾತ್ರೆ ತುಂಬಿ ಚೆಲ್ಲುವುದು, ಆ ನೀರಿನಲ್ಲೇ ಫರಸಿ ತೊಳೆಯುವುದು ಸಹಜ. ಮನೆಯವರನ್ನು ಇದಕ್ಕಾಗಿ ದೂರುವುದು ನನಗೆ ಸರಿ ಕಾಣುವುದಿಲ್ಲ. ನೀರು ದಿನವೂ ಬಾರದ ಊರಿನಲ್ಲಿ ಅಡುಗೆ ಮನೆಯನ್ನು ಹೀಗಲ್ಲದೆ ಬೇರೆ ಹೇಗೆ ಬಳಸಬೇಕು? ಕಪಾಟು ಮಾಡುವವರು ಈ ಬಳಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು, ನೆಲದ ಇಳಿಜಾರು. ಊರಿನ ಈ ಬದಿ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು. ಅಡಿಪಾಯದೊಳಗೆ ಮೊರಂ ಸಾಲದೇ ಇದ್ದಾಗ ಅಗೆದ ಎರೆಮಣ್ಣನ್ನೇ ತುಂಬುವವರಿದ್ದಾರೆ. ಇಲ್ಲಿ ಏನು ತುಂಬಿದ್ದರೆಂದು ಅಗೆದು ನೋಡಲಿಲ್ಲ. ಆದರೆ ಫರಸಿಯ ಮೇಲೆ ಒಂದು ತಂಬಿಗೆ ನೀರು ಸುರಿದಾಗ ಅದು ಬಾಗಿಲಿನ ಕಡೆಗೆ ಹರಿಯದೆ ಸಿಂಕ್ ಕೆಳಗಿನ ಗೋಡೆಯ ಕಡೆಗೆ ಹೋಗಿ ನಿಂತಿತು. ಮಟ್ಟಗೋಲೂ ಅದನ್ನೇ ತೋರಿಸಿತು. ಅಂದರೆ ಚೆಲ್ಲಿದ ನೀರೆಲ್ಲ ಪಟ್ಟಿ ಹಚ್ಚದ ಹಿಂದಿನ ಅಂಚಿನ ಕೆಳಗೆ ಹೋಗಿ ಸೇರುತ್ತಿತ್ತು.

ತೇವ ಅಳೆಯುವ ಉಪಕರಣದಲ್ಲಿ ಒಲೆಯ ಕಡೆಯ ಹಲಗೆ ಮಾನಕ ಹೇಳುವ ಶೇ 5ರಿಂದ 15ರ ಮಿತಿಯೊಳಗೇ ಇತ್ತು. ಸಿಂಕ್ ಕೆಳಗೆ ಉಪಕರಣದ ಅಳತೆಯೇ ಮೀರಿತು. ಇಷ್ಟು ತೇವದಲ್ಲಿ ಬೂಷ್ಟು ಬೆಳೆಯುವುದನ್ನು ಯಾವ ದರ್ಜೆಯ ಅಂಟೂ ತಡೆಯಲಾರದು. ಅಂಗಡಿಯವರ ಮಾತಿನಲ್ಲಿದ್ದ ಸತ್ಯ ಇದು. ಐಎಸ್ 710 ಹಾಳೆಯನ್ನೇ ಹಾಕಿದ್ದರೂ, ಕಾಲಿಲ್ಲದೆ, ಅಂಚು ಮುಚ್ಚದೆ, ನಿಂತ ನೀರಿನ ಮೇಲೆ ಕೂರಿಸಿದ್ದರೆ ಪದರ ಬಿಡುತ್ತಿರಲಿಲ್ಲ, ಆದರೆ ಉಬ್ಬುತ್ತಿತ್ತು, ಕಪ್ಪಾಗುತ್ತಿತ್ತು, ಮೈಕಾ ಏಳುತ್ತಿತ್ತು.

ಯಾವ ಜಾಗಕ್ಕೆ ಎಷ್ಟು

ಒಂದು ಮನೆಗೆ ಒಂದೇ ಬಗೆಯ ಪ್ಲೈ ಎಂದು ತೀರ್ಮಾನಿಸುವುದೇ ತೊಂದರೆಯ ಬೇರು. ಎಲ್ಲ ಕಡೆ ಎಂಆರ್ ಹಾಕಿದರೆ ಸಿಂಕ್ ಕೆಳಗೆ ಸೋಲುತ್ತದೆ. ಎಲ್ಲ ಕಡೆ ಮರೀನ್ ಹಾಕಿಸುವ ಮನೆಗಳೂ ಇವೆ, ಮಲಗುವ ಕೋಣೆಯ ಬಟ್ಟೆ ಕಪಾಟಿಗೂ. ಹುಬ್ಬಳ್ಳಿಯಂಥ ಒಣ ಹವೆಯ ಊರಿನಲ್ಲಿ ಅದು ಹಣ ಚೆಲ್ಲಿದಂತೆ.

ಸಿಂಕ್ ಕಪಾಟಿನ ಲೆಕ್ಕ ಹಾಕಿ ತೋರಿಸಿದೆ. ಮೂರು ಅಡಿ ಅಗಲ, ಎರಡು ಅಡಿ ಆಳ, ಎರಡೂವರೆ ಅಡಿ ಎತ್ತರ. ಎರಡು ಪಕ್ಕಗಳಿಗೆ 10 ಚದರ ಅಡಿ, ತಳಕ್ಕೆ 6, ಬಾಗಿಲುಗಳಿಗೆ ಏಳೂವರೆ. ಒಟ್ಟು ಇಪ್ಪತ್ತಮೂರೂವರೆ. ಎಂಟಕ್ಕೆ ನಾಲ್ಕು ಅಡಿಯ ಒಂದು ಹಾಳೆ 32 ಚದರ ಅಡಿ. ಅಂದರೆ ಇಡೀ ಮನೆಯ ಹಾಳೆಗಳಲ್ಲಿ ಮೇಲು ದರ್ಜೆ ಬೇಕಾಗಿದ್ದದ್ದು ಒಂದೇ ಒಂದಕ್ಕೆ. ಶಿಕ್ಷಕಿ ಆ ಲೆಕ್ಕವನ್ನು ತಾವೇ ಇನ್ನೊಮ್ಮೆ ಕೂಡಿಸಿ, "ಇದನ್ನು ಅಂದೇ ಯಾರಾದರೂ ಹೇಳಿದ್ದರೆ ಒಂದು ಹಾಳೆಯ ವ್ಯತ್ಯಾಸ ಕೊಡಲು ನಾನು ಹಿಂದೆ ನೋಡುತ್ತಿದ್ದೆನೇ?" ಎಂದು ಕೇಳಿದರು. ಅಂಗಡಿಯವರು ಸುಮ್ಮನಿದ್ದರು.

ಒಪ್ಪಂದ ಮತ್ತು ದುರಸ್ತಿ

ಗ್ರಾಹಕ ಆಯೋಗಕ್ಕೆ ಹೋಗುವ ಮಾತೂ ಬಂತು. 2019ರ ಕಾಯ್ದೆಯಂತೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. 1915 ಸಂಖ್ಯೆಯ ಸಹಾಯವಾಣಿಗೆ ಮೊದಲು ಕರೆ ಮಾಡಬಹುದು. ಬಿಲ್‌ನಲ್ಲಿದ್ದ ಬರಹ ಶಿಕ್ಷಕಿಯ ಪರವಾಗಿತ್ತು, ಸೋರುವ ಕೊಳವೆ ಅವರಿಗೆ ವಿರುದ್ಧವಾಗಿತ್ತು. ಮೂವರೂ ಕೂತು ಮಾತಾಡುವುದೇ ಮೇಲು ಎಂದು ಎಲ್ಲರಿಗೂ ಅನಿಸಿತು. ಅಂಗಡಿಯವರು ಐಎಸ್ 710 ಗುರುತಿನ ಒಂದು ಹಾಳೆಯನ್ನು ಹಣ ತೆಗೆದುಕೊಳ್ಳದೆ ಕೊಟ್ಟರು. ಬಡಿಗ ಕೂಲಿ ಬಿಟ್ಟ. "ತಮ್ಮಾ, ಊಟವನ್ನಾದರೂ ಇಲ್ಲಿಯೇ ಮಾಡಬೇಕು" ಎಂದು ಶಿಕ್ಷಕಿ ಅವನಿಗೆ ಹೇಳಿದರು. ಕೊಳವೆ, ಹಿಂಜ್, ಮೈಕಾದ ಖರ್ಚು ಅವರದ್ದು.

ಈ ಸಲ ಹಾಳೆ ಬಂದ ಕೂಡಲೇ ಛಾಪೆ ಓದಿ, ಮೊಬೈಲ್‌ನಲ್ಲಿ ಅದರ ಚಿತ್ರ ತೆಗೆದು, ಆಮೇಲೆ ಕೊಯ್ದರು. ರಸೀದಿಯಲ್ಲಿ ಮಾನಕ ಸಂಖ್ಯೆ, ದರ್ಜೆ, ದಪ್ಪ, ಪರವಾನಗಿ ಸಂಖ್ಯೆ ನಾಲ್ಕೂ ಬರೆಸಿಕೊಂಡರು. ಪ್ಲೈವುಡ್‌ಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಗುಣಮಟ್ಟ ನಿಯಂತ್ರಣ ಆದೇಶವನ್ನು ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿದೆ. ಹಾಳೆಯ ಮೇಲೆ ಗುರುತಿದ್ದರೆ ಸಾಲದು, ಅದು ಯಾವ ದರ್ಜೆಯದು ಎಂಬುದು ರಸೀದಿಗೂ ಬರಬೇಕು.

ಹೊಸ ಕಪಾಟು ನಾಲ್ಕು ಅಂಗುಲ ಎತ್ತರದ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಂತಿದೆ. ಮುಂದಿನ ಅಡಿಪಟ್ಟಿಯನ್ನು ಕೈಯಿಂದ ಕಳಚಿ ತೊಳೆಯಬಹುದು. ನಾಲ್ಕೂ ಅಂಚುಗಳಿಗೆ, ಕೊಳವೆಯ ತೂತಿಗೆ, ಹಿಂಜ್ ಕುಳಿಗಳಿಗೆ ಜೋಡಿಸುವ ಮುಂಚೆಯೇ ಎರಡು ಬಾರಿ ಎಪಾಕ್ಸಿ ಬಳಿಯಲಾಯಿತು. ಜೋಡಿಸಿದ ಮೇಲೆ ಹಿಂದಿನ ಅಂಚಿಗೆ ಕುಂಚ ಹೋಗುವುದಿಲ್ಲ. ಮೈಕಾವನ್ನು ಹಲಗೆಯ ಎರಡೂ ಮುಖಕ್ಕೆ ಅಂಟಿಸಲಾಗಿದೆ. ಒಂದೇ ಕಡೆ ಅಂಟಿಸಿದರೆ ಎರಡು ಮುಖಗಳು ತೇವ ಕುಡಿಯುವ ವೇಗ ಬೇರೆಯಾಗಿ ಹಲಗೆ ಬಾಗುತ್ತದೆ. ಹಿಂಬದಿಗೆ ಹಲಗೆ ಹಾಕಲೇ ಇಲ್ಲ. ಬಾಗಿಲು ತೆರೆದರೆ ಗೋಡೆಯ ಟೈಲ್ಸ್ ಮತ್ತು ಕೊಳವೆಯ ಜೋಡಣೆ ನೇರವಾಗಿ ಕಾಣುತ್ತದೆ, ಹನಿ ಬಿದ್ದರೆ ಅದೇ ದಿನ ಗೊತ್ತಾಗುತ್ತದೆ. ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆ ಕಟ್ಟಿ, ಬಾಗಿಲಿಗೆ ಮಾತ್ರ ಪ್ಲೈ ಬಳಸುವ ಹಳೆಯ ಪದ್ಧತಿ ಇದಕ್ಕಿಂತಲೂ ಗಟ್ಟಿ ಎಂದು ಹೇಳಿದ್ದೆ. ಗ್ರಾನೈಟ್ ಎಬ್ಬಿಸಬೇಕಾಗುತ್ತದೆ ಎಂದು ಶಿಕ್ಷಕಿ ಬೇಡವೆಂದರು.

ಒಲೆಯ ಕೆಳಗಿನ ಎಂಆರ್ ಕಪಾಟನ್ನು ತೆಗೆಯಲಿಲ್ಲ, ಅಂಚುಗಳನ್ನು ಮುಚ್ಚಿ ಅಲ್ಲಿಯೇ ಬಿಟ್ಟೆವು. ಅಟ್ಟದ ಬಾಗಿಲುಗಳನ್ನು ಮುಟ್ಟಲೇ ಇಲ್ಲ. ಫರಸಿಯ ಇಳಿಜಾರು ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಕಿತ್ತು ಮಟ್ಟ ಮಾಡುವ ಕೆಲಸವನ್ನು ಮನೆಯವರು ಬೇಸಿಗೆಗೆ ಇಟ್ಟುಕೊಂಡಿದ್ದಾರೆ. ಅಲ್ಲಿಯವರೆಗೆ ನಳ ಬಂದ ದಿನ ಪಾತ್ರೆಗಳನ್ನು ಹಿತ್ತಿಲ ಬಾಗಿಲಿನ ಬಳಿ ಇಟ್ಟು ತುಂಬಿಕೊಳ್ಳಲು ಹೇಳಿ, ಅದಕ್ಕೆ ಸಾಲುವಷ್ಟು ಉದ್ದದ ಪೈಪ್ ಹಾಕಿಸಿದ್ದೇನೆ.